ಹುಷಾರಿಲ್ಲೇನು? ಫಂಕ್ಷನ್ನೇನು?

ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೊಳೆಯೋಕೆ ನಲ್ಲಿ ಹತ್ತಿರ ಹೋದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಯಾಕ್ರೀ ಮೇಡಂ, ಹುಷಾರಿಲ್ಲೇನು? ಮಕ ಬಾಡೈತಲ್ಲ." ನಾನು ಗಟ್ಟಿಮುಟ್ಟಾಗಿಯೇ ಇರುತ್ತೇನೆ. ರಾತ್ರಿ ನಿದ್ದೆ ಆಗಿರುತ್ತದೆ, ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆಗಿಳಿದಿರುತ್ತದೆ, ತಿಂಗಳ ಕೊನೆಯ ಲೆಕ್ಕ ಬಿಟ್ಟರೆ ತಲೆಯಲ್ಲಿ ಬೇರೆ ಚಿಂತೆಯೂ ಇರುವುದಿಲ್ಲ. ಆದರೂ ಮುಖ ನನ್ನನ್ನು ಕೇಳದೆ ಏನೇನೋ ಊರಿಗೆಲ್ಲ ಹೇಳಿಕೊಂಡು ಬರುತ್ತದೆ. ಸರಿ, ಇದಕ್ಕೊಂದು ದಾರಿ ಮಾಡೋಣ ಅಂತ ಒಂದಿಷ್ಟು ಬಣ್ಣ ಹಚ್ಚಿಕೊಂಡು ಹೋದ ದಿನ, ಅದೇ ಜನ, ಅದೇ ನಲ್ಲಿ: "ಏನ್ ಮೇಡಂ, ಇವತ್ತೇನು ಫಂಕ್ಷನ್ನಾ?" ಬಳ್ಳಾರಿಯಲ್ಲಿ ಕೆಲಸಕ್ಕೆ ಹೋಗುವ ನಲವತ್ತರ ಆಸುಪಾಸಿನ ಹೆಂಗಸರಿಗೆ ಈ ಎರಡು ಪ್ರಶ್ನೆಗಳು ಹೊಸವಲ್ಲ. ಎರಡೂ ಪ್ರೀತಿಯಿಂದ ಬರುವಂಥವೇ, ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ನನಗೆ ಬೇಕಾಗಿರುವುದು ಎರಡೂ ಪ್ರಶ್ನೆ ಹುಟ್ಟದ ಮುಖ. ಮೇಕಪ್ ಕಂಪನಿಗಳು ನಮ್ಮ ಕನಸುಗಳ ಬಗ್ಗೆ ಎಷ್ಟೋ ಮಾತಾಡುತ್ತವೆ. ಇಷ್ಟು ಸಣ್ಣ ಆಸೆಯ ಬಗ್ಗೆ ಮಾತಾಡಿದ್ದನ್ನು ನಾನು ಕಂಡಿಲ್ಲ.

ರಿಂಗ್ ಲೈಟೂ ನಮ್ಮೂರ ಸೂರ್ಯನೂ

ಮುಖ ಮೆತ್ತಗೆ ಮೇಲೆತ್ತಿ ಕೆತ್ತಿದಂತೆ ಕಾಣುವ ದಿನನಿತ್ಯದ ಮೇಕಪ್ ಅಂತ ಬರುವ ವಿಡಿಯೊಗಳನ್ನು ನಾನು ನೋಡದೆ ಬಿಟ್ಟಿಲ್ಲ. ಎಲ್ಲದರ ಹೂರಣ ಒಂದೇ. ಕೆನ್ನೆಯ ಮೂಳೆ ಮೇಲೆದ್ದು ಕಾಣಬೇಕು, ಕಣ್ಣಿನ ಹೊರತುದಿ ಎಳ್ಳಷ್ಟು ಮೇಲಕ್ಕೆ ಹೋಗಬೇಕು, ದವಡೆಗೊಂದು ಅಂಚು ಬರಬೇಕು, ಇಷ್ಟೆಲ್ಲ ಆದಮೇಲೂ ಏನೂ ಹಚ್ಚಿಲ್ಲವೇನೋ ಅನ್ನಿಸಬೇಕು. ದಾರಿಯೂ ಸರಳ: ಎಲ್ಲಿ ತಗ್ಗು ಬೇಕೋ ಅಲ್ಲಿ ಕಂದು, ಎಲ್ಲಿ ಉಬ್ಬು ಬೇಕೋ ಅಲ್ಲಿ ಹೊಳಪು. ಇದರ ಹಿಂದಿನ ಲೆಕ್ಕ ಸುಳ್ಳಲ್ಲ. ಕಣ್ಣು ಉಬ್ಬುತಗ್ಗು ಅಳೆಯುವುದು ಬಹಳಷ್ಟು ಮಟ್ಟಿಗೆ ನೆರಳಿನಿಂದ, ಅದೂ ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ಮಿದುಳು ಮೊದಲೇ ನಂಬಿಕೊಂಡು ಕೂತಿರುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೀ ಬೂದು ಬಣ್ಣದ ವೃತ್ತಗಳಿಂದ ತೋರಿಸಿಕೊಟ್ಟರು. ಮೇಲ್ಭಾಗ ಬೆಳ್ಳಗಿರುವ ವೃತ್ತ ಉಬ್ಬಿದಂತೆ ಕಾಣುತ್ತದೆ, ಅದನ್ನೇ ತಲೆಕೆಳಗು ಮಾಡಿದರೆ ಗುಳಿಬಿದ್ದಂತೆ ಕಾಣುತ್ತದೆ. ಕೆನ್ನೆಗೆ ಕಂಟೂರ್, ಅಂದರೆ ಆ ತಗ್ಗಿನ ಕಂದು, ಬಳಿಯುವವರೆಲ್ಲ ಆಡುವುದು ಇದೇ ಆಟ.

ಆದರೆ ಆ ವಿಡಿಯೊಗಳಲ್ಲಿ ಬೆಳಕು ಮೇಲಿನಿಂದ ಬರುವುದೇ ಇಲ್ಲ. ಕ್ಯಾಮೆರಾ ಸುತ್ತ ಕೂತ ರಿಂಗ್ ಲೈಟು ಎದುರಿನಿಂದಲೇ ಮುಖಕ್ಕೆ ಬಡಿದು ಇದ್ದಬದ್ದ ನೆರಳನ್ನೆಲ್ಲ ಅಳಿಸಿಹಾಕುತ್ತದೆ. ಹಾಗೆ ಕಳೆದುಕೊಂಡ ನೆರಳನ್ನೇ ಅವರು ಬಣ್ಣದಲ್ಲಿ ಮತ್ತೆ ಬರೆದುಕೊಳ್ಳುತ್ತಾರೆ. ನಮ್ಮ ಊರಿನ ಪಾಡು ಇದರ ಉಲ್ಟಾ. ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಮೇ ತಿಂಗಳ ಶುರುವಿನಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಕಂಬದ ಬುಡದಲ್ಲಿ ಕಾಣದ ಆ ನೆರಳೆಲ್ಲ ಅವತ್ತು ನಮ್ಮ ಮುಖಕ್ಕೆ ಬಂದು ಸೇರಿರುತ್ತದೆ: ಹುಬ್ಬಿನ ಕೆಳಗಿನ ಕುಳಿಯಲ್ಲಿ, ಕಣ್ಣಿನ ಕೆಳಗಿನ ಚೀಲದ ಅಡಿಯಲ್ಲಿ, ಮೂಗಿನ ಪಕ್ಕದಿಂದ ಬಾಯಿಗಿಳಿಯುವ ಗೆರೆಯಲ್ಲಿ, ತುಟಿಯ ಎರಡೂ ಮೂಲೆಗಳಲ್ಲಿ. ಆ ಎರಡು ದಿನ ಹಾಗಿರಲಿ, ವರ್ಷದ ಬಹಳಷ್ಟು ಮಧ್ಯಾಹ್ನಗಳ ಕಥೆ ಹೆಚ್ಚುಕಡಿಮೆ ಇದೇ. ಆಫೀಸಿನೊಳಗೆ ಬಂದರೂ ಸೀಲಿಂಗಿನ ಎಲ್‌ಇಡಿ ಪ್ಯಾನೆಲ್ ಅದೇ ಕೆಲಸ ಮುಂದುವರಿಸುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಯಾರೂ ಕೇಳದ ಪ್ರಶ್ನೆಯನ್ನು ಒಂದೂವರೆಗೆ ಎಲ್ಲರೂ ಯಾಕೆ ಕೇಳುತ್ತಾರೆ ಅನ್ನುವುದು ನನಗೆ ಹೊಳೆದದ್ದು ಈ ದಾರಿಯಲ್ಲೇ. ನಮ್ಮಲ್ಲಿ ಕೆತ್ತುವ ಕೆಲಸವನ್ನು ಸೂರ್ಯ ಆಗಲೇ ಮಾಡಿ ಮುಗಿಸಿರುತ್ತಾನೆ, ಬೇಕಾದ್ದಕ್ಕಿಂತ ಒಂದು ಕೈ ಜಾಸ್ತಿಯೇ. ಮುಖ ಎತ್ತಿ ಕಾಣಬೇಕಾದರೆ ನಾವು ಮಾಡಬೇಕಾದ್ದು ಅವನು ಹಾಕಿದ ನೆರಳಿನಲ್ಲಿ ಒಂದಿಷ್ಟನ್ನು ವಾಪಸು ತೆಗೆಯುವುದು.

ನಂಬದವರು ಕುಂಬಾರ ಗುಡ್ಡಕ್ಕೆ ಬಂದು ನೋಡಬಹುದು. ಫೇಸ್ ಹಿಲ್ ಅಂತಲೂ ಕರೆಯುತ್ತಾರಲ್ಲ, ಅದೇ. ಆಗ್ನೇಯದ ಕಡೆಯಿಂದ ನೋಡಿದರೆ ಮನುಷ್ಯನ ಮುಖ. ನಾಲ್ಕು ಬೀದಿ ದಾಟಿ ಬೇರೆ ದಿಕ್ಕಿಗೆ ಹೋದರೆ ಬರೀ ಬಂಡೆಯ ರಾಶಿ. ಗುಡ್ಡವೇ ಹೀಗೆ ನಿಂತ ಜಾಗಕ್ಕೊಂದು ರೂಪ ತಾಳುತ್ತದೆ ಅಂದಮೇಲೆ ನಮ್ಮ ಕೆನ್ನೆಯ ಮೂಳೆಯದೇನು?

ಅಕ್ಕನ ಮಗಳ ಮೂಗು

ಅಕ್ಕನ ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಬೇಸಿಗೆ ರಜೆಯಲ್ಲಿ ಮಲಗುವ ಕೋಣೆಯಲ್ಲೇ ರಿಂಗ್ ಲೈಟ್ ನಿಲ್ಲಿಸಿಕೊಂಡು ಕೂತಿದ್ದಳು. ಹಣೆಯ ಬದಿಯಿಂದ ಕೆನ್ನೆಗೆ, ಕೆನ್ನೆಯಿಂದ ದವಡೆಗೆ ಅಂತ ಮುಖದ ಎರಡೂ ಬದಿಗೆ ಕಂದು ಬಣ್ಣದಲ್ಲಿ ಇಂಗ್ಲಿಷಿನ ಮೂರು ಬರೆದಳು, ಮೂಗಿನ ಎರಡೂ ಪಕ್ಕ ನೆಟ್ಟಗೆ ಗೆರೆ ಎಳೆದಳು, ಒದ್ದೆ ಸ್ಪಂಜಿನಿಂದ ತಟ್ಟಿ ತಟ್ಟಿ ಹರಡಿದಳು. ಫೋನಿನಲ್ಲಿ ನೋಡಿದರೆ, ನಿಜಕ್ಕೂ ಚೆನ್ನಾಗಿತ್ತು. ನಾನೂ ಹೊಗಳಿದೆ. ಅಷ್ಟರಲ್ಲಿ ಅಕ್ಕ ಕೆಳಗಿನಿಂದ ಕೂಗಿದಳು, ಸಂಡಿಗೆ ಒಣಗಿರ್ತಾವು, ತಿರುವಿ ಹಾಕಿ ಬಾ ಅಂತ. ಮಟಮಟ ಮಧ್ಯಾಹ್ನ, ಮಾಳಿಗೆ ಮೇಲೆ ಕಾಲಿಡೋಕಾಗದ ಬಿಸಿಲು. ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಹಾಕುತ್ತಿದ್ದವರು ಇವಳನ್ನು ನೋಡಿ ಗಾಬರಿಯಾಗಿ, "ಕೆನ್ನಿಗೆ ಏನಾಯ್ತವ್ವಾ? ಬಿದ್ಯಾ?" ಅಂದರು. ನಾನು ಹಿಂದೆಯೇ ಹತ್ತಿ ಬಂದಿದ್ದೆ, ನೋಡಿದರೆ ಅಜ್ಜಿಯದೇನೂ ತಪ್ಪಿಲ್ಲ. ಒಳಗೆ ನೆರಳಾಗಿದ್ದದ್ದು ಹೊರಗೆ ಬಂದದ್ದೇ ಕಲೆಯಾಗಿತ್ತು. ಸೂರ್ಯ ಹಾಕಿದ ನೆರಳು ಒಂದು ಕಡೆ, ಇವಳು ಬರೆದದ್ದು ಅದಕ್ಕಿಂತ ಎರಡು ಬೆರಳು ಕೆಳಗೆ. ಮುಖ ಮೇಲಕ್ಕೆ ಹೋಗುವ ಬದಲು ಇನ್ನಷ್ಟು ಜೋತುಬಿದ್ದಿತ್ತು.

ಅವಳ ಅಸಲು ಚಿಂತೆ ಮೂಗಿನದು. ಮೂಗು ದಪ್ಪ ಅಂತ. ನಮ್ಮ ವಂಶದಲ್ಲಿ ಯಾರಿಗೂ ದಪ್ಪ ಮೂಗಿಲ್ಲ, ಅವಳದೂ ದಪ್ಪವಿಲ್ಲ. ಅದು ಕೈಯಳತೆಯಲ್ಲಿ ಹಿಡಿದ ಫೋನು ಹುಟ್ಟುಹಾಕಿದ ದಪ್ಪ. 2018ರಲ್ಲಿ ಅಮೆರಿಕದ ಮುಖಶಸ್ತ್ರಚಿಕಿತ್ಸೆಯ ನಿಯತಕಾಲಿಕವೊಂದರಲ್ಲಿ ಇದರ ಲೆಕ್ಕವೇ ಬಂತು: 5 ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಯಾರೂ ನಮ್ಮನ್ನು 12 ಇಂಚಿನಿಂದ ನೋಡಿ ಮಾತಾಡುವುದಿಲ್ಲ, ನೋಡುವಷ್ಟು ಹತ್ತಿರ ಬಂದವರು ಮೂಗಿನ ಅಗಲ ಅಳೆಯುವುದೂ ಇಲ್ಲ. ಇದನ್ನು ಹೇಳಿದಾಗ ಅವಳು ನಕ್ಕಳು, ಆದರೆ ಆ ಗೆರೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಇರಲಿ. ಕನ್ನಡಿಯನ್ನಂತೂ ವರಾಂಡಕ್ಕೆ ತಂದಿಟ್ಟಿದ್ದಾಳೆ.

ಬಾಗಿಲತ್ರ ನಿಂತ್ಕೊ

ನನ್ನ ತವರು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ಜಾತ್ರೆಗೆ ಊರಿನ ಗಂಡಸರು ನಾಟಕ ಕಟ್ಟುತ್ತಿದ್ದರು. ಹೆಣ್ಣುಪಾತ್ರಕ್ಕೆ ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಕಲಾವಿದೆಯರನ್ನು ಕರೆಸುತ್ತಿದ್ದರು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ರಂಗನಟ ಬಳ್ಳಾರಿ ರಾಘವರಂಥವರು ವಾದ ಮಾಡಿ ಎಷ್ಟೋ ಕಾಲವಾಗಿತ್ತು, ಆದರೂ ನಮ್ಮ ಊರಿನ ಹೆಂಗಸರು ಸ್ಟೇಜು ಹತ್ತುವ ಮಾತೇ ಇರಲಿಲ್ಲ. ಹಾಗಾಗಿ ಬಂದ ಕಲಾವಿದೆ ಅಂದರೆ ನಮಗೆ ಜಾತ್ರೆಯ ತೇರಿಗಿಂತ ದೊಡ್ಡ ಕುತೂಹಲ. ಶಾಲೆಯ ಒಂದು ಕೋಣೆಯೇ ಗ್ರೀನ್ ರೂಮು. ಚಹಾ ಕೊಟ್ಟು ಬರುವ ನೆವದಲ್ಲಿ ಒಳಗೆ ಹೋದವಳು ಅಲ್ಲೇ ಉಳಿದುಬಿಟ್ಟೆ.

ಐವತ್ತರ ಹತ್ತಿರದ ಹೆಂಗಸು. ಅವತ್ತಿನ ಪಾತ್ರ ಕಾಲೇಜು ಹುಡುಗಿಯದು. ಮೇಕಪ್ಪಿನವನು ಗಂಡಸರ ಮುಖಕ್ಕೆಲ್ಲ ಒಂದೇ ಸಮ ಗುಲಾಬಿ ಬಳಿಯುತ್ತಿದ್ದ, ಈಕೆ ಮಾತ್ರ ಅವನ ಕೈಗೆ ಮುಖ ಕೊಡಲಿಲ್ಲ. ಮೊದಲು ಮಾಡಿದ್ದು ಬಣ್ಣದ ಕೆಲಸವೇ ಅಲ್ಲ. ಹಣೆಯ ಎರಡೂ ಬದಿಯ ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಮೇಲಕ್ಕೆಳೆದು ಪಿನ್ನು ಚುಚ್ಚಿ, ಅದರ ಮೇಲೆ ಚೌರಿ ಕಟ್ಟಿದಳು. ಕಣ್ಣಿನ ತುದಿ ಆಗಲೇ ಒಂದು ಗೆರೆ ಮೇಲೆ ಹೋಗಿತ್ತು. ಆಮೇಲೆ ಡಬ್ಬಿಯಿಂದ ಪ್ಯಾನ್‌ಕೇಕ್ ತೆಗೆದು ಒದ್ದೆ ಸ್ಪಂಜಿನಲ್ಲಿ ಒತ್ತಿದಳು. ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ 1930ರ ದಶಕದ ಕೊನೆಗೆ ಹಾಲಿವುಡ್ಡಿನ ಬಣ್ಣದ ಸಿನಿಮಾಕ್ಕೆಂದು ಮಾಡಿದ ಸರಕು ಅದು, ಆ ಹೆಸರು ಹಿಡಿದು ಬಂದ ಎಂಥೆಂಥವೋ ಡಬ್ಬಿಗಳು ನಮ್ಮ ಹಳ್ಳಿಯ ಸ್ಟೇಜಿನವರೆಗೂ ಬಂದಿದ್ದವು. ಹುಬ್ಬಿನ ಬಾಲ ಕೆಳಗಿಳಿದಿದ್ದ ಕಡೆ ಅದೇ ಬಣ್ಣ ಮೆತ್ತಿ ಬಾಲವನ್ನೇ ಅಳಿಸಿಬಿಟ್ಟಳು, ಅರ್ಧ ಬೆರಳು ಮೇಲೆ ಹೊಸದು ಬರೆದಳು. ಕೆಂಪನ್ನು ಕೆನ್ನೆಯ ಉಂಡೆಗೆ ಹಚ್ಚಲಿಲ್ಲ. ಕಣ್ಣಿನ ಕೆಳಗಿನಿಂದ ಹೊರಟು ಕಿವಿಯ ಮೇಲ್ಭಾಗದ ಕಡೆಗೆ ಬೆರಳಲ್ಲೇ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, "ಏ ಹುಡುಗಿ, ಆ ಬಾಗಿಲತ್ರ ನಿಂತ್ಕೊ. ಕಣ್ಣು ಕಾಣ್ತಾವಾ?" ಅಂದಳು.

"ಕಾಣ್ತಾವ್ರೀ."

"ಗೆರಿ?"

"ಕಾಣಂಗಿಲ್ರೀ."

"ಹಂಗಾದ್ರೆ ಹಿಂದ್ಲ ಸಾಲಿಗೆ ಕಣ್ಣೂ ಕಾಣಂಗಿಲ್ಲ" ಅಂತ ಕಾಡಿಗೆಯನ್ನು ಇನ್ನೊಂದು ಸುತ್ತು ಎಳೆದಳು. ನಾನು ಬಾಗಿಲ ಹತ್ತಿರ, ಆಮೇಲೆ ಪಡಸಾಲೆಯಲ್ಲಿ, ಆಮೇಲೆ ಶಾಲೆಯ ಧ್ವಜದ ಕಟ್ಟೆಯ ಹತ್ತಿರ ನಿಂತು ಸಾಕ್ಷಿ ಹೇಳಿದೆ. ಸ್ಟೇಜಿನ ಮೇಲೆ ಬಂದಾಗ ಅವಳಿಗೆ ಇಪ್ಪತ್ತೇ ವಯಸ್ಸು. ಊರೆಲ್ಲ ಶಿಳ್ಳೆ. ಬೆಳಗಿನ ಜಾವ ನಾಟಕ ಮುಗಿದ ಮೇಲೆ ಅದೇ ಕೋಣೆಯಲ್ಲಿ ಎದುರುಬದುರು ಕೂತು ಚಹಾ ಕುಡಿಯುವಾಗ ನೋಡಿದರೆ, ಹೆದರಿಕೆಯಾಗುವಂಥ ಮುಖ. ಕಪ್ಪು ಗೆರೆ, ಕೆಂಪು ಪಟ್ಟಿ, ಬಿಳಿ ಚುಕ್ಕೆ, ಒಂದೊಂದೂ ಬೇರೆ ಬೇರೆ. ಅವಳು ಕೊಬ್ಬರಿ ಎಣ್ಣೆ ಹಾಕಿ ಹಳೇ ಸೀರೆಯ ತುಂಡಿನಿಂದ ಒರೆಸಿಕೊಳ್ಳುತ್ತ ತಾನು ತೆಗೆದುಕೊಂಡ ಸಂಭಾವನೆಯ ಚೌಕಾಸಿಯ ಕಥೆ ಹೇಳುತ್ತಿದ್ದಳು.

ಮೇಕಪ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಖ್ಯವಾದ್ದೆಲ್ಲ ಆ ರಾತ್ರಿಯದು. ಯಾರು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ನೋಡುತ್ತಾರೆ ಅನ್ನುವುದು ಮೊದಲು ಗೊತ್ತಾಗಬೇಕು, ಬಣ್ಣದ ಡಬ್ಬಿ ಆಮೇಲೆ. ಅವಳ ಗಿರಾಕಿ ಧ್ವಜದ ಕಟ್ಟೆಯಾಚೆ ಚಾಪೆ ಹಾಸಿ ಕೂತಿದ್ದ. ನನ್ನ ಗಿರಾಕಿ ಕೌಂಟರಿನ ಆಚೆ, ಮೂರಡಿ ದೂರದಲ್ಲಿ, ಅರ್ಜಿ ಹಿಡಿದು ನಿಂತಿರುತ್ತಾನೆ. ಅವಳು ಗೆರೆ ಎಳೆದ ಜಾಗದಲ್ಲೇ ನನ್ನ ಗೆರೆಯೂ ಹೋಗಬೇಕು, ಆದರೆ ಅವಳ ಗೆರೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಾದರೆ ಫಂಕ್ಷನ್ ಶುರುವಾಗುತ್ತದೆ. (ನಮ್ಮ ಕಡೆಯ ಬಯಲಾಟದವರು ಹಿಂದೆ ಅರ್ದಾಳ, ಇಂಗಳೀಕ ಕಲಸಿ ಮುಖಕ್ಕೆ ಹಚ್ಚುತ್ತಿದ್ದರು. ಸಹಜ ಬಣ್ಣ, ಕೆಮಿಕಲ್ ಇಲ್ಲ ಅಂತ ಅದನ್ನು ಹೊಗಳುವವರಿದ್ದಾರೆ. ಅರ್ದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ, ಎರಡೂ ವಿಷ. ಹೊಗಳಿಕೆ ಸಾಕು.)

ವರಾಂಡದಲ್ಲಿ, ಬೆಳಿಗ್ಗೆ

ಈಗ ನಾನು ಮಾಡುವುದು ಇಷ್ಟು. ಮುಖ ತೊಳೆದು ಸನ್‌ಸ್ಕ್ರೀನ್ ಹಚ್ಚಿ ಅದು ಹೀರಿಕೊಳ್ಳುವವರೆಗೆ ಒಗ್ಗರಣೆ ಕೆಲಸ ನೋಡುತ್ತೇನೆ. ಅವಸರ ಮಾಡಿದರೆ ಮೇಲಿನದೆಲ್ಲ ಉಂಡೆಯುಂಡೆಯಾಗಿ ಏಳುತ್ತದೆ. ಆಮೇಲೆ ಮುಖಕ್ಕೆಲ್ಲ ಫೌಂಡೇಶನ್ ಬಳಿಯುವ ಪದ್ಧತಿ ಬಿಟ್ಟಿದ್ದೇನೆ. ಮರದ ಗೊಂಬೆ ಮಾಡುವ ಕೊಪ್ಪಳದ ಕಿನ್ನಾಳಕ್ಕೆ ಹೋದವರು ನೋಡಿರುತ್ತೀರಿ: ಗೊಂಬೆಗೆ ಬಣ್ಣ ತಾಕಿಸುವ ಮೊದಲು ಹುಣಸೆಬೀಜದ ಅಂಟು, ಗೋಣಿನಾರಿನ ಪುಡಿ, ಮರದ ಹೊಟ್ಟು ಕಲಸಿದ ಕಿಟ್ಟ ಮೆತ್ತುತ್ತಾರೆ, ಅದರ ಮೇಲೆ ಬಟ್ಟೆಯ ಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ. ಬಿಡಿಬಿಡಿಯಾಗಿ ಕೆತ್ತಿ ಜೋಡಿಸಿದ ಮರದ ಸಂದು ಮುಚ್ಚಬೇಕಲ್ಲ, ಅವರಿಗೆ ಅದು ಬೇಕೇ ಬೇಕು. ನನ್ನ ಮುಖದಲ್ಲಿ ಅಂಥ ಸಂದಿಲ್ಲ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ದಪ್ಪ ಲೇಪ ಹನ್ನೊಂದು ಗಂಟೆಗೆಲ್ಲ ಬಿರುಕು ಬಿಡುತ್ತದೆ. ಮಂಗಳೂರಿನ ಹಾಗೆ ಇಲ್ಲಿ ಬೆವರು ಧಾರೆಯಾಗಿ ಇಳಿಯುವುದು ಕಮ್ಮಿ. ಒಣಗಾಳಿಗೆ ಅಲ್ಲಲ್ಲೇ ಆರಿ ಉಪ್ಪು ಉಳಿಯುತ್ತದೆ, ಚರ್ಮದ ನೀರೂ ಆರುತ್ತದೆ, ಮೇಲೆ ಹಾಕಿದ ಪೌಡರು ಗೆರೆ ಗೆರೆಯಲ್ಲಿ ಎದ್ದು ನಿಲ್ಲುತ್ತದೆ. ಹಾಗಾಗಿ ಪೌಡರು ಮೂಗಿನ ಪಕ್ಕಕ್ಕೂ ಹಣೆಯ ನಡುವಿಗೂ ಮಾತ್ರ, ಅದೂ ಒತ್ತಿ, ಉಜ್ಜಿ ಅಲ್ಲ.

ನೆರಳು ತೆಗೆಯುವ ಕೆಲಸಕ್ಕೆ ಕನ್ಸೀಲರ್, ಅಂದರೆ ಕಪ್ಪು ಮುಚ್ಚುವ ಬಣ್ಣ. ಇಲ್ಲಿ ಸ್ವಲ್ಪ ಸೂಕ್ಷ್ಮ ಇದೆ. ವಿಡಿಯೊಗಳಲ್ಲಿ ಕಣ್ಣಿನ ಕೆಳಗೆ ದೊಡ್ಡ ತ್ರಿಕೋನ ಬಳಿಯುತ್ತಾರೆ. ನನ್ನಂಥ ಚೀಲ ಇಳಿದ ಕಣ್ಣಿಗೆ ಅದು ಎಡವಟ್ಟು, ಉಬ್ಬಿದ ಚೀಲವೇ ಬೆಳ್ಳಗಾಗಿ ಇನ್ನೂ ಉಬ್ಬುತ್ತದೆ. ಬೆಳಕು ಬೇಕಾದ್ದು ಚೀಲಕ್ಕಲ್ಲ, ಅದರ ಕೆಳಗಿನ ಕಾಲುವೆಗೆ. ಕಣ್ಣಿನ ಒಳಮೂಲೆಗೆ ಒಂದು ಚುಕ್ಕೆ, ಮೂಗಿನ ಪಕ್ಕ ಗೆರೆ ಶುರುವಾಗುವ ಕಡೆ ಒಂದು, ತುಟಿಯ ಮೂಲೆಯ ಕೆಳಗೆ ಒಂದು, ಕಣ್ಣಿನ ಹೊರತುದಿಯಿಂದ ಹುಬ್ಬಿನ ಬಾಲದ ಕಡೆಗೆ ಓರೆಯಾಗಿ ಒಂದು ಎಳೆ. ಅಷ್ಟನ್ನೂ ಉಂಗುರದ ಬೆರಳಿನಿಂದ ತಟ್ಟುವುದು. ನಮ್ಮಂಥ ಕಂದುಬಣ್ಣದವರ ಕಣ್ಣಿನ ಕೆಳಗಿನ ಕಪ್ಪಿಗೆ ನೇರವಾಗಿ ತಿಳಿಬಣ್ಣ ಹಾಕಿದರೆ ಬೂದಿಯಾಗುತ್ತದೆ. ಮೊದಲು ಒಂದು ಹನಿ ಕಿತ್ತಳೆ ಛಾಯೆಯ ಕರೆಕ್ಟರ್ ಬೇಕು. ಬ್ಲಶ್, ಅಂದರೆ ಕೆನ್ನೆಯ ಕೆಂಪು, ಕೆನೆಯಂಥದ್ದು, ನಾಟಕದವಳ ದಾರಿಯಲ್ಲೇ, ಕೆನ್ನೆಯ ಮೂಳೆಯ ಮೇಲಿನಿಂದ ಹಣೆಯ ಬದಿಯ ಕಡೆಗೆ. ಮೂಗಿನ ತುದಿಯ ಮಟ್ಟಕ್ಕಿಂತ ಕೆಳಗೆ ಒಂದು ಕಣವೂ ಇಳಿಯಬಾರದು. ಹುಬ್ಬಿನ ಬಾಲ ಕೆಳಗೆ ಬಾಗದಂತೆ ತಿದ್ದುವುದು, ಥ್ರೆಡಿಂಗ್ ಮಾಡುವವರಿಗೆ ಮೊದಲೇ ಹೇಳುವುದು, ಅವರು ಕೇಳದಿರುವುದು, ಮತ್ತೆ ಪೆನ್ಸಿಲ್ ಹಿಡಿಯುವುದು. ರೆಪ್ಪೆ ಬಾಗಿಸುವುದು. ಕಂಟೂರ್? ದವಡೆಯ ಅಡಿಗೆ ಮಾತ್ರ, ಅದೂ ಫೋಟೊ ಇರುವ ದಿನ.

ಅಂಗಡಿಯವರ ಜೊತೆಗಿನ ಜಗಳ ಒಂದು ಬಾಕಿ ಇದೆ. ಯಾವ ಫ್ಯಾನ್ಸಿ ಸ್ಟೋರಿಗೆ ಹೋದರೂ ನನ್ನ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ್ದನ್ನೇ ಕೈಗಿಡುತ್ತಾರೆ, ಬೆಳ್ಳಗೆ ಕಾಣ್ತೀರಿ ಅಂತ ಆಸೆಯನ್ನೂ ಹಚ್ಚುತ್ತಾರೆ. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದಾಗಿನಿಂದ ನಮಗೆ ತಿಕ್ಕಿದ ಪಾಠ ಅದು. 2020ರಲ್ಲಿ ಟ್ಯೂಬಿನ ಮೇಲಿನ ಫೇರ್ ಹೋಗಿ ಗ್ಲೋ ಬಂತು, ಕೌಂಟರಿನ ಹಿಂದಿನ ಪಾಠ ಬದಲಾಗಲಿಲ್ಲ. ಮುಖ ಬೆಳ್ಳಗಾದಷ್ಟೂ ಚಪ್ಪಟೆಯಾಗುತ್ತದೆ, ಕತ್ತು ಬೇರೆಯವರದೇನೋ ಅನ್ನಿಸುತ್ತದೆ. ನಾನು ದವಡೆಯ ಅಂಚಿಗೆ ಹಚ್ಚಿಕೊಂಡು ಅಂಗಡಿಯ ಹೊರಗೆ, ಬೀದಿಯ ಬೆಳಕಿಗೆ ಬಂದು ನೋಡುತ್ತೇನೆ. ಕಾಣದಿದ್ದರೆ ಅದೇ ನನ್ನ ಶೇಡು. ಅಂಗಡಿಯ ಹುಡುಗ ನಾನು ಓಡಿಹೋಗುತ್ತೇನೇನೋ ಅಂತ ಬಾಗಿಲವರೆಗೂ ಬರುತ್ತಾನೆ.

ದೊಡ್ಡವ್ವನ ಹಣೆ

ಹಿಂದಿನವರಿಗೆ ಈ ವಿದ್ಯೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ ತುರುಬು, ನಟ್ಟ ನಡುಹಣೆಗೆ ಕಾಸಗಲದ ಕುಂಕುಮ, ಮೂಗುಬೊಟ್ಟಿನ ಮಿಣುಕು, ಕಿವಿಯ ಮೇಲ್ತುದಿಯ ಬುಗುಡಿ: ನೋಡುವವರ ಕಣ್ಣನ್ನು ಮುಖದ ಮೇಲರ್ಧದಲ್ಲೇ ಹಿಡಿದಿಡುವ ಏರ್ಪಾಡು ಅದು. ವಯಸ್ಸಾದಂತೆ ಹುಬ್ಬು, ತುಟಿಗೂ ಸುತ್ತಲ ಚರ್ಮಕ್ಕೂ ಇರುವ ಬಣ್ಣದ ವ್ಯತ್ಯಾಸ ಕರಗುತ್ತ ಹೋಗುತ್ತದೆ, ಜನ ವಯಸ್ಸು ಅಂದಾಜಿಸುವುದರಲ್ಲಿ ಅದರದೂ ಪಾಲಿದೆ ಅಂತ ಮನೋವಿಜ್ಞಾನಿ ರಿಚರ್ಡ್ ರಸೆಲ್ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದ್ದಾರೆ. ಅವರು ನೋಡಿದ್ದು ಫ್ರೆಂಚ್ ಹೆಂಗಸರ ಮುಖಗಳನ್ನು. ನನಗೆ ನೆನಪಾದದ್ದು ರಾಯಚೂರಿನ ನಮ್ಮ ದೊಡ್ಡವ್ವ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವಳ ಹಣೆಯ ಕುಂಕುಮ, ಮೂಗುಬೊಟ್ಟು ಎರಡೂ ಹೋದವು. ವಾರದೊಳಗೆ ಬಂದವರೆಲ್ಲ ಮಾರಿ ಇಳಿದದ, ಹತ್ತು ವರ್ಷ ಹೆಚ್ಚಾಗ್ಯದ ಅಂದರು. ದುಃಖ ಇತ್ತು, ಸುಳ್ಳಲ್ಲ. ಆದರೆ ಮುಖವನ್ನು ಎತ್ತಿ ಹಿಡಿದದ್ದನ್ನೆಲ್ಲ ಕೈಯಾರೆ ತೆಗೆದವರೇ ಮುಖ ಇಳಿದಿದೆ ಅಂತ ಮರುಗುವುದು ನನಗೆ ಆಗ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೊಮ್ಮಗನ ನಿಶ್ಚಿತಾರ್ಥದ ದಿನ ಎಲ್ಲರೂ ಕನ್ನಡಿ ಮುಂದೆ ನೂಕಾಡುತ್ತಿದ್ದಾಗ ಅವಳು ಅಡುಗೆಮನೆಯ ಕಿಟಕಿ ಪಕ್ಕ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ನನ್ನ ಬೆರಳಲ್ಲಿ ಬ್ಲಶ್ ಉಳಿದಿತ್ತು. ಕೇಳದೆಯೇ ಅವಳ ಕೆನ್ನೆಯ ಮೇಲ್ಗಡೆ ಎರಡು ಬಾರಿ ತಟ್ಟಿದೆ. "ಬ್ಯಾಡವಾ, ಮಂದಿ ಏನಂದಾರು" ಅಂದಳು, ಮುಖ ಮಾತ್ರ ಹಿಂದಕ್ಕೆ ಸರಿಸಲಿಲ್ಲ. ಇನ್ನೊಂದು ಕೆನ್ನೆಗೂ ತಟ್ಟಿದೆ. ಹುಬ್ಬಿಗೆ ನನ್ನ ಪೆನ್ಸಿಲ್ಲಿನ ಎರಡು ಎಳೆ. ಅವಳು ಎಲೆ ಒರೆಸುವುದನ್ನು ಮುಂದುವರಿಸಿದಳು. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಹೆಂಗಸೊಬ್ಬಳು ನನ್ನ ಕಿವಿಯಲ್ಲಿ, "ನಿಮ್ಮ ದೊಡ್ಡವ್ವ ಈಗ ಸುಧಾರಿಸ್ಯಾಳ, ಮಾರಿಮ್ಯಾಗ ಕಳಿ ಬಂದದ" ಅಂದಳು. ಏನು ಹಚ್ಚಿದ್ದೆವು ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ರಾಯಚೂರಿಗೆ ಹೋದಾಗಲೆಲ್ಲ ದೊಡ್ಡವ್ವ ನನ್ನ ಬ್ಯಾಗಿನ ಕಡೆ ಒಂದು ಸಲ ನೋಡುತ್ತಾಳೆ. ನಾನು ಕಿಟಕಿ ಪಕ್ಕ ಕೂರು ಅನ್ನುತ್ತೇನೆ.

ಧೂಳು, ನೀರು

ಹೊಳಪಿನ ಬಗ್ಗೆ ಒಂದು ಎಚ್ಚರಿಕೆ. ಅಂಟಂಟಾದ ಹೈಲೈಟರು, ಲಿಪ್ ಗ್ಲಾಸು ನಮ್ಮ ಜಿಲ್ಲೆಯ ರಸ್ತೆಗೆ ಹೊಂದುವುದಿಲ್ಲ. ಸಂಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಅದಿರಿನ ಕೆಂಧೂಳು ಬಂದು ಕೂರುವುದು ಮೊದಲು ಅಲ್ಲೇ, ಕಂದು ಬಣ್ಣದ ಬ್ರಾಂಜರ್ ಪೌಡರು ಪುಕ್ಕಟೆ. ಮೂಳೆಯ ಮೇಲೆ ಹೊಳಪು ಬೇಕೇ ಬೇಕು ಅನ್ನಿಸಿದರೆ ಒಣ ಪೌಡರಿನದು, ನುಣ್ಣಗಿನದು, ಮಿಂಚಿಲ್ಲದ್ದು ಸಾಕು.

ರಾತ್ರಿ ತೆಗೆಯುವುದು ಹಚ್ಚುವುದಕ್ಕಿಂತ ದೊಡ್ಡ ಕೆಲಸ. ಮೊದಲು ಕೊಬ್ಬರಿ ಎಣ್ಣೆ, ನಾಟಕದವಳು ತೋರಿಸಿದ್ದೇ. ಮೊಡವೆ ಏಳುವ ಚರ್ಮದವರಿಗೆ ಅದು ಆಗಿಬರುವುದಿಲ್ಲ, ಅಕ್ಕನ ಮಗಳಿಗೆ ಆಗುವುದಿಲ್ಲ. ಆಮೇಲೆ ಫೇಸ್‌ವಾಶ್, ಅದಕ್ಕೆ ಕೈತುಂಬ ನೀರು. ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ವಾಟರ್‌ಪ್ರೂಫ್ ಮಸ್ಕರಾ ನೀರು ಬಿಟ್ಟ ದಿನಕ್ಕೆ ಮಾತ್ರ, ಉಳಿದ ದಿನ ರೆಪ್ಪೆ ಬಾಗಿಸಿ ಸುಮ್ಮನಾಗುತ್ತೇನೆ. ಅಕ್ಕನ ಮಗಳು ಇದನ್ನು ಒಪ್ಪುವುದಿಲ್ಲ. ಮೈಸೆಲ್ಲರ್ ವಾಟರ್ ಒಂದು ಬಾಟಲಿ ಇದ್ದರೆ ಹತ್ತಿಯಲ್ಲೇ ಎಲ್ಲ ಬರುತ್ತದಂತೆ, ನಲ್ಲಿ ಕಾಯಬೇಕಿಲ್ಲವಂತೆ. ಆ ಬಾಟಲಿಯ ದುಡ್ಡಿಗೆ ಎಷ್ಟು ಕ್ಯಾನ್ ಫಿಲ್ಟರ್ ನೀರು ಬರುತ್ತದೆ ಅಂತ ಅಕ್ಕ ಲೆಕ್ಕ ಹಾಕುತ್ತಿದ್ದಾಳೆ.